ಏಕಾಂತಪ್ಪನ ಮೂಗೂ ಜಂಬಕ್ಕನ ಎಮ್ಮೆಯೂ

ಕೊಟ್ಟೂರಿನ ಶೇಂಗಾ ದಲಾಲಿ ಏಕಾಂತಪ್ಪನಿಗೆ ದೇವರು ಕಣ್ಣು, ಕಿವಿ, ಬಾಯಿ ಕೊಟ್ಟದ್ದು ಬರೀ ಮುಖ ತುಂಬಿಸುವುದಕ್ಕೆ. ಮನಸ್ಸಿಟ್ಟು ಮಾಡಿದ್ದು ಮೂಗೊಂದನ್ನೇ! ಹೀಗೆಂದು ಊರೆಲ್ಲ ಸಾರುತ್ತಿದ್ದವನು ಬೇರೆ ಯಾರೂ ಅಲ್ಲ, ಸ್ವತಃ ಏಕಾಂತಪ್ಪ. ರೈತನೊಬ್ಬ ಹಿಡಿ ಶೇಂಗಾ ತಂದು ಅವನ ಮುಂದೆ ಹಿಡಿದರೆ ಸಾಕು, ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಒಗೆದು, ಎದೆತುಂಬ ಉಸಿರೆಳೆದು, "ಹಿರೇಹಡಗಲಿ ಮಾಲು. ಕೆಂಪು ಹೊಲ. ಕಡೀ ಮಳಿ ತಪ್ಪೈತಿ" ಎಂದು ತೀರ್ಪು ಕೊಡುತ್ತಿದ್ದ. ರೈತ ಬಾಯಿ ತೆರೆದು ನಿಲ್ಲುತ್ತಿದ್ದ. ಗಾಡಿಯ ಎತ್ತು ಬಿಚ್ಚುವಾಗಲೇ ಅಂಗಡಿಯ ಹಮಾಲ ರೈತನ ಊರು ಕೇಳಿಕೊಂಡು ಸಾಹುಕಾರನಿಗೆ ಸನ್ನೆ ಮಾಡುತ್ತಾನೆ ಎಂದು ಎದುರಂಗಡಿಯ ದಲಾಲಿ ಮೈಲಪ್ಪ ಆಡಿಕೊಳ್ಳುವುದಿತ್ತು. ಹೊಟ್ಟೆಕಿಚ್ಚಿನ ಮಾತು, ಬಿಡಿ! ದೊಡ್ಡ ಮೂಗಿನ ನೆರಳಿನಲ್ಲಿ ಬದುಕುವವರಿಗೆ ಇಂಥ ಸಂಕಟ ಇದ್ದದ್ದೇ.

ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಊರ ಹೊರಗಿನ ಎಣ್ಣೆ ಮಿಲ್ಲಿಗೆ ಹೊಸ ಯಂತ್ರ ಬಂತು. ಅದನ್ನು ಕೂರಿಸಲು ಯಂತ್ರದ ಬೆನ್ನ ಹಿಂದೆಯೇ ಸ್ಕಾಟ್ಲೆಂಡಿನಿಂದ ಡಂಕನ್ ಸಾಹೇಬ ಬಂದ. ಕೆಂಪು ಗಡ್ಡ, ನಮ್ಮ ಬಿಸಿಲಿಗೆ ಗಡ್ಡಕ್ಕಿಂತ ಕೆಂಪಾದ ಮುಖ. ಅವನ ಇಂಗ್ಲಿಷು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಿಗೇ ತಿಳಿಯದೆ ಅವರು ಎರಡು ದಿನ ರಜೆ ಹಾಕಿದರು. ತಿಳಿಯುತ್ತಿದ್ದದ್ದು ಮಿಲ್ಲಿನ ಮೆಕ್ಯಾನಿಕ್ ಜಮಾಲ್ ಸಾಬನೊಬ್ಬನಿಗೆ. ಅವನು ಹರೆಯದಲ್ಲಿ ಮುಂಬಯಿ ಬಂದರಿನಲ್ಲಿ ಹಡಗು ರಿಪೇರಿ ಮಾಡಿ ಬಂದವನು.

ಒಂದು ಸಂಜೆ ಮಿಲ್ಲಿನಲ್ಲಿ ಏಕಾಂತಪ್ಪ ಸಾಹೇಬನ ಮುಂದೆ ತನ್ನ ಶೇಂಗಾ ಪವಾಡ ತೋರಿಸಿದ. ಸಾಹೇಬ ಬೆರಗಾಗಿ ಕೋಣೆಗೆ ಓಡಿಹೋಗಿ ಮೂರು ಬಾಟಲಿ ಸ್ಕಾಚ್ ವಿಸ್ಕಿ ಹೊತ್ತು ತಂದ.

"ಇದಕ್ಕ ಸಿಂಗಲ್ ಮಾಲ್ಟ್ ಅಂತಾರಂತ ಸಾವ್ಕಾರ್ರೆ," ಎಂದು ಜಮಾಲ್ ಸಾಬ್ ತರ್ಜುಮೆ ಶುರು ಮಾಡಿದ. "ನಾನು ಮುಟ್ಟಂಗಿಲ್ಲ, ಬರೇ ಹೇಳ್ತೀನಿ. ಮೊಳಕಿ ಬರಿಸಿದ ಜವೆಗೋದಿ, ಒಂದ ಊರ ನೀರು, ಒಂದ ಭಟ್ಟಿ. ಬೆರಕಿ ಇಲ್ಲ."

"ಅಂದ್ರ ಹಿರೇಹಡಗಲಿ ಶೇಂಗಾದಾಗ ಹೊಳಲಿಂದು ಕಲಸಂಗಿಲ್ಲ!"

"ಹಂಗ ಅಂತ ಇಟ್ಕೋರಿ."

"ಅಂದ್ರ ನಮ್ಮ ಮೈಲಪ್ಪನ ಅಂಗಡಿ ಮಾಲಲ್ಲ!"

ಪಕ್ಕದ ಚೀಲದ ಮೇಲೆ ಕೂತಿದ್ದ ಮೈಲಪ್ಪ ಹಾವು ತುಳಿದವನಂತೆ ಎದ್ದ. "ಲೇ ಏಕಾಂತಿ, ಬಾಯಿ ಬಿಗಿಹಿಡಿ!"

ಸಾಹೇಬ ಒಂದೊಂದೇ ಬಾಟಲಿಯ ಬಿರಡೆ ತೆಗೆದು ಲೋಟಕ್ಕೆ ಒಂದಿಷ್ಟು ಸುರಿದು ಮುಂದೆ ಹಿಡಿದ. ಮೊದಲನೆಯದು ಗ್ಲೆನ್‌ಲಿವೆಟ್. ಏಕಾಂತಪ್ಪ ಮೂಗು ಇಳಿಸಿದ. ಆಹಾ, ಮಲ್ಲಿಗೆ ಮುಡಿದವರು ಯಾರೋ ಬಾಗಿಲಲ್ಲಿ ಹಾದುಹೋದ ಹಾಗೆ! ಹಿಂದೆಯೇ ಸೀತಾಫಲ! ಎರಡನೆಯದು ಮ್ಯಾಕಲನ್. ಒಣದ್ರಾಕ್ಷಿ, ಉತ್ತತ್ತಿ, ಲಗ್ನದ ಮನೆಯ ಕೊಬ್ಬರಿ ಚೀಲ, ಅಜ್ಜಿಯ ಸಾಗವಾನಿ ಪೆಟ್ಟಿಗೆ! ಮೂರನೆಯದರ ಹೆಸರು ಲಫ್ರಾಯ್ಗ್. ಅದನ್ನು ಮೂಸಿದ ಏಕಾಂತಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. ಕುಳ್ಳಿನ ಹೊಗೆ! ಸರ್ಕಾರಿ ಆಸ್ಪತ್ರೆಯ ಟಿಂಚರು! ಅಲ್ಲಿಯ ಜನ ಜೌಗುನೆಲದ ಮಣ್ಣನ್ನು ಕಡಿದು ಒಣಗಿಸಿ, ನಾವು ಸಗಣಿಯ ಕುಳ್ಳು ಉರಿಸುವ ಹಾಗೆ ಉರಿಸಿ, ಆ ಹೊಗೆಯಲ್ಲಿ ಜವೆಗೋದಿ ಒಣಗಿಸುತ್ತಾರಂತೆ.

"ಒಯ್ದು ಅಭ್ಯಾಸ ಮಾಡ್ರಿ ಅಂತಾನ ಸಾಹೇಬ," ಎಂದ ಜಮಾಲ್ ಸಾಬ್. "ಮದ್ರಾಸಿಗೆ ಹೋಗಿ ತಿಂಗಳಿಗೆ ತಿರುಗಿ ಬರ್ತಾನಂತ. ಬಂದ ಮ್ಯಾಲ ನಿಮ್ಮ ಕಣ್ಣು ಕಟ್ಟಿ ಪರೀಕ್ಷಿ ಮಾಡ್ತಾನಂತ."

"ಇದರಾಗ ಎಂಥಾ ಪರೀಕ್ಷಿಲೇ?" ಎಂದು ಮೈಲಪ್ಪ ನಕ್ಕ. "ಯಾವುದು ಕುಡದ್ರೂ ಬೀಳೋ ಗಟಾರ ಒಂದ!"

ಏಕಾಂತಪ್ಪನ ಮೂಗಿನ ಹೊಳ್ಳೆಗಳು ಯುದ್ಧದ ಕಹಳೆಗಳಂತೆ ಅರಳಿದವು. "ಮೂರಕ್ಕ ಮೂರೂ ಹೆಸರು ಹೇಳ್ತೀನಿ! ಬಳ್ಳಾರಿ ಜಿಲ್ಲಾದಾಗ ಸ್ಕಾಚ್ ಅಂದ್ರ ಈ ಮೂಗು, ಈ ಮೂಗು ಅಂದ್ರ ಸ್ಕಾಚ್, ಹಂಗ ಆಗಬೇಕು!"

"ಬರೇ ಬಾಯಿ ಮಾತು ಬ್ಯಾಡ. ನನ್ನ ಹೊಸಾ ರಾಜದೂತ್ ಮೋಟರ್ ಸೈಕಲ್ಲು ಪಣಕ್ಕ ಇಟ್ಟೆ. ನೀನೇನ ಇಡ್ತಿ?"

ಏಕಾಂತಪ್ಪ ಮನಸ್ಸಿನಲ್ಲೇ ತನ್ನ ಆಸ್ತಿಯ ಮೇಲೊಂದು ಸುತ್ತು ಹಾಕಿ ಬಂದ. ಅಂಗಡಿ ಅಪ್ಪನ ಹೆಸರಿನಲ್ಲಿತ್ತು. ಮನೆ ಅಣ್ಣನ ಜೊತೆ ಪಾಲಿನಲ್ಲಿತ್ತು. ಸೈಕಲ್ಲಿಗೆ ಹಿಂದಿನ ಗಾಲಿಯೇ ಇರಲಿಲ್ಲ. ಸುತ್ತಲೂ ಹಮಾಲರು ನೋಡುತ್ತಿದ್ದರು, ಸಾಹೇಬ ನೋಡುತ್ತಿದ್ದ, ಮೈಲಪ್ಪ ಹಲ್ಲು ಕಿರಿಯುತ್ತಿದ್ದ.

"ಕಸ್ತೂರಿ!" ಎಂದುಬಿಟ್ಟ ಏಕಾಂತಪ್ಪ.

ಕಸ್ತೂರಿ ಅವನ ಹೆಂಡತಿ ಜಂಬಕ್ಕನ ಎಮ್ಮೆ. ತವರೂರು ಹೊಳಲಿನಿಂದ ಕರುವಾಗಿದ್ದಾಗಲೇ ತಂದು ಸಾಕಿದ್ದು. ಓಣಿಯ ಅರ್ಧ ಮನೆಗಳ ಚಹಾ ಕಸ್ತೂರಿಯ ಕೆಚ್ಚಲಿನಿಂದಲೇ ಹುಟ್ಟುತ್ತಿತ್ತು. ಗಂಡನಿಗೆ ಜ್ವರ ಬಂದರೆ "ಮಲಕ್ಕೋರಿ" ಎನ್ನುತ್ತಿದ್ದ ಜಂಬಕ್ಕ, ಎಮ್ಮೆ ಸೀನಿದರೆ ಹಗರಿಬೊಮ್ಮನಹಳ್ಳಿಯಿಂದ ದನದ ಡಾಕ್ಟರನ್ನು ಕರೆಸುತ್ತಿದ್ದಳು. ಮೈಲಪ್ಪನಿಗೆ ಆ ಎಮ್ಮೆಯ ಮೇಲೆ ಬಹುಕಾಲದಿಂದ ಕಣ್ಣಿತ್ತು. "ಆತು!" ಎಂದು ಕೈಮೇಲೆ ಕೈ ಬಡಿದ.

ಹೀಗೆ ಹೆಂಡತಿಯ ಎಮ್ಮೆಯನ್ನು ಪಣಕ್ಕಿಟ್ಟ ವೀರ, ಚೀಲದಲ್ಲಿ ಬಾಟಲಿಗಳನ್ನು ಕಿಣಿಕಿಣಿಸುತ್ತ ಮನೆ ಸೇರಿದ. ಹಿತ್ತಲ ಬಾಗಿಲಿನಿಂದ ಒಳಗೆ ನುಸುಳುವ ಹೊತ್ತಿಗೆ ಜಂಬಕ್ಕ ಎದುರಿಗೇ ನಿಂತಿದ್ದಳು.

"ಏನ್ರಿ ಅದು?"

"ವಿದ್ಯಾ!"

"ವಿದ್ಯಾಕ್ಕ ಬಿರಡಿ ಯಾಕ ಐತಿ?"

ಏಕಾಂತಪ್ಪ ಸ್ಕಾಟ್ಲೆಂಡು, ಜವೆಗೋದಿ, ಹೊಗೆ ಎಲ್ಲವನ್ನೂ ವಿವರಿಸಿದ. ಪಣದ ಸುದ್ದಿ ಒಂದನ್ನು ನುಂಗಿಕೊಂಡ. ಬಲ್ಲವರು ಇದನ್ನು ಕುಡಿಯುವುದಿಲ್ಲ, ಮೂಸಿ, ಮುಕ್ಕಳಿಸಿ, ಉಗುಳುತ್ತಾರೆ ಎಂದ.

"ಈ ಗ್ಲೆನ್‌ಲಿವೆಟ್ ಐತೆಲ್ಲ, ಮಲ್ಲಿಗಿ ಮುಡದಾಕಿ ಬಾಗಲಾಗ ಹಾದುಹೋದಂಗ!"

"ಯಾವಾಕಿ?"

"ಯಾವಾಕೀನೂ ಇಲ್ಲ, ಹೋಲಿಕಿ! ಈ ಇನ್ನೊಂದು, ಲಫ್ರಾಯ್ಗ್ ಅಂತ, ಥೇಟ್ ನಿಮ್ಮ ಅವ್ವನ ಅಡಗಿಮನಿ ಹೊಗಿ."

"ನಮ್ಮ ಅವ್ವನ ಮನಿ ಸುದ್ದಿಗೆ ಬಂದ್ರ ಆ ಬಾಟ್ಲಿ ನಿಮ್ಮ ನೆತ್ತಿ ಮ್ಯಾಲ ಮೂಸ್ತೀನಿ!" ಎಂದ ಜಂಬಕ್ಕ ಗಂಡನ ಕೈ ಹಿಡಿದು ಕೊಟ್ಟಿಗೆಗೆ ಎಳೆದೊಯ್ದಳು. "ಕಸ್ತೂರಿ ತಲಿ ಮುಟ್ಟಿ ಆಣಿ ಮಾಡ್ರಿ. ಹನಿ ಗಂಟಲದಾಗ ಇಳಿಯಂಗಿಲ್ಲ ಅಂತ!"

ಏಕಾಂತಪ್ಪ ಎಮ್ಮೆಯ ಕೊಂಬುಗಳ ನಡುವೆ ಕೈ ಇಟ್ಟ. ಪಣಕ್ಕಿಟ್ಟ ಎಮ್ಮೆಯ ಮೇಲೆಯೇ ಆಣೆ! ಕಸ್ತೂರಿ ಅವನನ್ನು ಒಂದು ನೋಟ ನೋಡಿತು. ಎಲ್ಲಾ ಗೊತ್ತಿರುವ ನೋಟ.

ಮರುದಿನ ನಸುಕಿನಿಂದ ಸಾಧನೆ ಶುರುವಾಯಿತು. ಜಂಬಕ್ಕ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುವ ಹೊತ್ತಿಗೆ ಏಕಾಂತಪ್ಪ ಕೊಟ್ಟಿಗೆಯಲ್ಲಿ ಮೂರು ಲೋಟ ಸಾಲಾಗಿ ಇಡುತ್ತಿದ್ದ. ಮೂಸು, ಮುಕ್ಕಳಿಸು, ಉಗುಳು! ಆದರೆ ಉಗುಳುವುದೆಲ್ಲಿ? ಬಚ್ಚಲಿಗೆ ಉಗುಳಿದರೆ ವಾಸನೆ ಗಟಾರದ ಜೊತೆ ಓಣಿಯುದ್ದಕ್ಕೂ ಮೆರವಣಿಗೆ ಹೊರಡುತ್ತಿತ್ತು. ಸುತ್ತ ನೋಡಿದ. ಮೂಲೆಯಲ್ಲಿ ಮುಸುರೆಯ ಬಾನಿ ಇತ್ತು. ಓಣಿಯ ಹೆಂಗಸರೆಲ್ಲ ಅಕ್ಕಿ ತೊಳೆದ ನೀರು, ಹಳಸಿದ ಅಂಬಲಿ, ಕಾಯಿಪಲ್ಲೆಯ ಸಿಪ್ಪೆ ತಂದು ಆ ಬಾನಿಗೆ ಸುರಿದು, ಬದಲಿಗೆ ಜಂಬಕ್ಕನಿಂದ ಮಜ್ಜಿಗೆ ಒಯ್ಯುವುದು ಬಹುಕಾಲದ ರೂಢಿ. ಅಷ್ಟು ಜನರ ಮುಸುರೆಯಲ್ಲಿ ತನ್ನದೊಂದಿಷ್ಟು ಯಾರಿಗೆ ಗೊತ್ತಾಗುತ್ತದೆ? ಬಾಯೊಳಗಿನದನ್ನು ಉಗುಳಿದ, ಲೋಟದಲ್ಲಿ ಉಳಿದದ್ದನ್ನೂ ಸುರಿದ. ಆಣೆ ಅಷ್ಟರಮಟ್ಟಿಗೆ ಶುದ್ಧವಾಗಿ ಉಳಿಯಿತು.

ಕಸ್ತೂರಿ ಬಾನಿಗೆ ಬಾಯಿಟ್ಟಿತು. ತಲೆ ಎತ್ತಿತು. ಗಂಡನನ್ನು ಮೊದಲ ಸಲ ನೋಡುವ ಮದುವಣಗಿತ್ತಿಯ ಹಾಗೆ ಏಕಾಂತಪ್ಪನನ್ನು ನೋಡಿತು. ಮತ್ತೆ ಬಾಯಿಟ್ಟದ್ದು ಬಾನಿಯ ತಳ ಕಾಣುವವರೆಗೂ ಎತ್ತಲಿಲ್ಲ.

ಕೆಲವೇ ದಿನಗಳಲ್ಲಿ ಕಸ್ತೂರಿಗೆ ಮುಸುರೆಯವರೆಗೂ ಕಾಯುವ ತಾಳ್ಮೆ ಹೋಯಿತು. ಲೋಟಗಳ ಪರಿಮಳ ಗಾಳಿಯಲ್ಲಿ ಬಂದರೆ ಸಾಕು, ಅಭಿಪ್ರಾಯ ಹೇಳತೊಡಗಿತು. ಲಫ್ರಾಯ್ಗ್ ಬಿರಡೆ ತೆಗೆದರೆ ಕತ್ತು ಮುಗಿಲಿಗೆ ಚಾಚಿ ಉದ್ದಕ್ಕೆ ಒದರುತ್ತಿತ್ತು. ಗ್ಲೆನ್‌ಲಿವೆಟ್ ಆದರೆ ನಾಲಗೆಯನ್ನು ಹೊಳ್ಳೆಯೊಳಗೆ ತೂರಿಸಿ "ಪುರ್ರ್, ಪುರ್ರ್" ಎನ್ನುತ್ತಿತ್ತು. ಮ್ಯಾಕಲನ್ ಆದರೆ ಕೊರಳ ಗಂಟೆ ಢಣಗುಟ್ಟುವಂತೆ ತಲೆಯಾಡಿಸುತ್ತಿತ್ತು. ಏಕಾಂತಪ್ಪ ಕಣ್ಣು ಮುಚ್ಚಿ ಲೋಟ ಅದಲುಬದಲು ಮಾಡಿ ಮೂಸಿ "ಗ್ಲೆನ್‌ಲಿವೆಟ್!" ಎಂದಾಗ ಆ ಕಡೆಯಿಂದ ಗಂಟೆ ಢಣಗುಟ್ಟಿದರೆ, ಕಣ್ಣು ತೆರೆದು ನೋಡಿದಾಗ ಮ್ಯಾಕಲನ್ನೇ ಆಗಿರುತ್ತಿತ್ತು. "ಪರವಾಯಿಲ್ಲ, ಎಮ್ಮಿಗೂ ಕಲಿಸಾಕತ್ತೀನಿ" ಎಂದು ಅವನು ಹೆಮ್ಮೆಪಟ್ಟ. ಗುರು ಯಾರು, ಶಿಷ್ಯ ಯಾರು ಎಂಬ ಪ್ರಶ್ನೆ ಅವನಿಗೆ ಹೊಳೆಯಲೇ ಇಲ್ಲ.

ಹಾಲಂತೂ ಹೊಳೆಯಾಯಿತು! ಬಕೀಟಿನ ಮೇಲೆ ನೊರೆ ಗೋಪುರ ಕಟ್ಟಿತು. ಪಕ್ಕದ ಮನೆಯ ಪಕ್ಕೀರಮ್ಮ ತಂಬಿಗೆ ಹಿಡಿದು ಬಂದವಳು ಬೆರಗಾಗಿ ಹೇಳಿದಳು: "ಜಂಬವ್ವಾ, ಎಮ್ಮಿಗೆ ಏನ ತಿನ್ನಸ್ತಿಯವ್ವಾ? ನಿನ್ನ ಹಾಲಿನ ಚಾ ಕುಡಿಯಾಕತ್ತಿದ ಮ್ಯಾಲ ನನ್ನ ಸೊಸಿ ನನ್ನ ಕೂಡ ನಕ್ಕೋಂತ ಮಾತಾಡ್ತಾಳ!"

"ಹತ್ತಿಕಾಳು, ಶೇಂಗಾ ಹಿಂಡಿ. ಮತ್ತೇನೈತಿ?" ಎಂದಳು ಜಂಬಕ್ಕ.

"ಹಂಗಾರ ಹಿಂಡಿ ಬಿಡಬ್ಯಾಡ ತಾಯಿ. ಇನ್ನ ನಾಕು ದಿನಕ್ಕ ನಾನೂ ಆಕಿ ಕೂಡ ನಗತೀನಿ ಅನಸ್ತೈತಿ."

ಆದರೆ ಬಾಟಲಿ ಬಾವಿಯಲ್ಲವಲ್ಲ! ಪರೀಕ್ಷೆಯ ದಿನ ಹತ್ತಿರ ಬರುತ್ತಿದ್ದಂತೆ ಮೂರರಲ್ಲೂ ತಳ ಕಾಣತೊಡಗಿತು. ಏಕಾಂತಪ್ಪ ಎಚ್ಚೆತ್ತು ಬರೀ ಬಿರಡೆ ಮೂಸುವ ಕಾಲಕ್ಕೆ ಇಳಿದ. ಅಂದು ಬಾನಿಯಲ್ಲಿ ಬರೀ ಮುಸುರೆ ಕಂಡ ಕಸ್ತೂರಿ ಮೊದಲು ಬಾನಿಯನ್ನು ಒದೆಯಿತು. ಆಮೇಲೆ ಬಕೀಟನ್ನು ಒದೆಯಿತು. ಆಮೇಲೆ ಹಾಲನ್ನೆಲ್ಲ ಮೇಲಕ್ಕೆಳೆದುಕೊಂಡು, ಸತ್ಯಾಗ್ರಹಕ್ಕೆ ಕೂತ ಮುಂದಾಳಿನ ಹಾಗೆ ಗಂಭೀರವಾಗಿ ಗೋಡೆ ನೋಡುತ್ತ ನಿಂತಿತು. ಜಂಬಕ್ಕ ಮೊಲೆ ಎಳೆದೆಳೆದು ಬೆರಳು ನೋಯಿಸಿಕೊಂಡಳೇ ಹೊರತು ಒಂದು ಹನಿ ಇಳಿಯಲಿಲ್ಲ.

"ಯಾರದೋ ಕಣ್ಣು ಬಿದ್ದೈತಿ!" ಎಂದು ಜಂಬಕ್ಕ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮೈಲಾರದಿಂದ ತಂದ ಭಂಡಾರದ ಅರಿಷಿಣವನ್ನು ಎಮ್ಮೆಯ ಹಣೆತುಂಬ ಬಳಿದಳು. ಕಸ್ತೂರಿ ಹಳದಿ ಹಣೆ ಹೊತ್ತು ಗೋಡೆ ನೋಡುವುದನ್ನು ಮುಂದುವರಿಸಿತು. ಓಣಿಯಲ್ಲಿ ಹಾಹಾಕಾರ! ಪಕ್ಕೀರಮ್ಮನ ಮನೆಯಲ್ಲಿ ಅತ್ತೆ ಸೊಸೆ ಹಳೇ ಜಗಳವನ್ನು ಬಿಟ್ಟ ಜಾಗದಿಂದಲೇ ಎತ್ತಿಕೊಂಡರು.

ಏಕಾಂತಪ್ಪ ಗುಟ್ಟಾಗಿ ಹರಪನಹಳ್ಳಿ ರಸ್ತೆಯ ಅಂಗಡಿಯಿಂದ ಯಾವುದೋ ಅಗ್ಗದ ಬ್ರಾಂದಿ ತಂದು ಬಾನಿಗೆ ಸುರಿದ. ಕಸ್ತೂರಿ ಮೂಸಿತು. ಮುಖ ತಿರುಗಿಸಿತು. ನಿಧಾನವಾಗಿ ಹಿಂದಿನ ಭಾಗವನ್ನು ಅವನ ಕಡೆ ಮಾಡಿ, ಬಾಲ ಎತ್ತಿ, ತನ್ನ ಅಭಿಪ್ರಾಯವನ್ನು ಬಾನಿಯ ಪಕ್ಕದಲ್ಲೇ ಬಿಟ್ಟಿತು.

ಪರೀಕ್ಷೆಯ ಹಿಂದಿನ ದಿನ ಜಂಬಕ್ಕ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಇವತ್ತೂ ಹಾಲು ಕೊಡದಿದ್ರ ಕಸ್ತೂರಿ ಬದುಕಂಗಿಲ್ಲ ಅನಸ್ತೈತ್ರಿ. ಆಕಿ ಇಲ್ಲದ ಮನ್ಯಾಗ ನಾನೂ ಇರಂಗಿಲ್ಲ. ಹೊಳಲಿಗೆ ಹೋಗಿಬಿಡ್ತೀನಿ."

ಏಕಾಂತಪ್ಪ ಲೆಕ್ಕ ಹಾಕಿದ. ಎಮ್ಮೆ ಸತ್ತರೂ ಹೆಂಡತಿ ಹೋಗುತ್ತಾಳೆ, ಎಮ್ಮೆಯನ್ನು ಪಣದಲ್ಲಿ ಸೋತರೂ ಹೆಂಡತಿ ಹೋಗುತ್ತಾಳೆ! ಕೊಟ್ಟಿಗೆಗೆ ಓಡಿ, ಹಿಂದೆಮುಂದೆ ನೋಡದೆ, ಮೂರೂ ಬಾಟಲಿಯಲ್ಲಿ ಉಳಿದದ್ದನ್ನು ಒಂದೇ ಬಾನಿಗೆ ಮಗುಚಿದ. ಗ್ಲೆನ್‌ಲಿವೆಟ್‌ನಲ್ಲಿ ಮ್ಯಾಕಲನ್, ಮ್ಯಾಕಲನ್ನಿನಲ್ಲಿ ಲಫ್ರಾಯ್ಗ್! ಬೆರಕೆ! ಮೈಲಪ್ಪನ ಅಂಗಡಿಯ ಪಾಪವನ್ನು ಏಕಾಂತಪ್ಪ ಸ್ವಂತ ಕೈಯಿಂದ ಮಾಡಿದ!

ಕಸ್ತೂರಿ ಕುಡಿಯಿತು. ಹಾಲು ಸುರಿಯಿತು. ಜಂಬಕ್ಕ ಮೈಲಾರಲಿಂಗನಿಗೆ ಕೈಮುಗಿದಳು. "ಪಾಪ, ಸೊರಗೈತಿ. ಕೆರಿಗೆ ಒಯ್ದು ಮೈ ತೊಳಸ್ಕೊಂಡು ಬರ್ರಿ" ಎಂದು ಹಗ್ಗವನ್ನು ಗಂಡನ ಕೈಗಿತ್ತಳು.

ಎಮ್ಮೆ ಕೆರೆಗೆ ಹೋಗಲಿಲ್ಲ, ದಂಡಯಾತ್ರೆ ಹೋಯಿತು. ಹಿಂದೆ ಹಗ್ಗ, ಹಗ್ಗದ ತುದಿಗೆ ಏಕಾಂತಪ್ಪ. ಗೂಡಂಗಡಿಯವನು "ಏನ್ರಿ ಸಾವ್ಕಾರ್ರೆ, ಅವಸರಾನಾ?" ಎಂದು ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವನು ಕೆರೆಯೊಳಗಿದ್ದ. ಕಸ್ತೂರಿ ನಡುನೀರಿಗೆ ಹೋಗಿ ಕೂತು ಕಣ್ಣು ಮುಚ್ಚಿತು. ಏಕಾಂತಪ್ಪ ಅಂಗಲಾಚಿದ, ಬೈದ, ಬಾಲ ತಿರುವಿದ. ಬಿಟ್ಟು ಬರುವಂತಿಲ್ಲ, ಪಣದ ಎಮ್ಮೆ! ಕೊರೆಯುವ ಚಳಿಯಲ್ಲಿ ಕುತ್ತಿಗೆಮಟ್ಟದ ನೀರಿನಲ್ಲಿ, ಗೊರಕೆ ಹೊಡೆಯುವ ಎಮ್ಮೆಯ ಪಕ್ಕ, ಬಳ್ಳಾರಿ ಜಿಲ್ಲೆಯ ಸ್ಕಾಚ್ ಸಾಮ್ರಾಟ ಹೊತ್ತು ಇಳಿಯುವವರೆಗೂ ಕೊಂಬು ಹಿಡಿದುಕೊಂಡು ನಿಂತ.

ಬೆಳಗಾಗುವಷ್ಟರಲ್ಲಿ ಮೂಗು ಮುಚ್ಚಿತ್ತು!

ಎಂಥ ಮುಚ್ಚುವಿಕೆ! ಆ ಮಹಾದ್ವಾರಗಳಿಗೆ ಯಾರೋ ಗಾರೆ ಹಾಕಿ ಬೀಗ ಜಡಿದ ಹಾಗೆ! ಏಕಾಂತಪ್ಪ ಅಡುಗೆಮನೆಗೆ ಓಡಿ ಇಂಗಿನ ಡಬ್ಬಿ ಮೂಸಿದ, ಇಲ್ಲ. ಉಳ್ಳಾಗಡ್ಡಿ ಒಡೆದು ಮೂಸಿದ, ಇಲ್ಲ. ಸೀಮೆಎಣ್ಣೆ ಡಬ್ಬಿಗೆ ಮುಖವನ್ನೇ ಇಟ್ಟ, ಏನೂ ಇಲ್ಲ.

"ಮುಂಜಾನೆದ್ದು ಏನ್ ಹುಡಕಾಕತ್ತೀರಿ?" ಎಂದಳು ಜಂಬಕ್ಕ.

"ಬೂಗು!"

"ಮುಖದ ಮ್ಯಾಲ ನೋಡ್ಕೋರಿ, ಅಲ್ಲೇ ಇದ್ದಂಗಿತ್ತು."

ಮಿಲ್ಲಿನಿಂದ ಆಗಲೇ ಕರೆ ಬಂದಿತ್ತು. ಡಂಕನ್ ಸಾಹೇಬ ಬಂದಿದ್ದಾನೆ, ಪಣದ ಎಮ್ಮೆ ಕಣ್ಣ ಮುಂದಿರಬೇಕೆಂದು ಮೈಲಪ್ಪ ಹಟ ಹಿಡಿದಿದ್ದಾನೆ! ಏಕಾಂತಪ್ಪ ಹೆಂಡತಿಗೆ, "ಬಿಲ್ಲಿಗೆ ದನದ ಡಾಕ್ಟರು ಬರ್ತಾರಂತ. ಕಸ್ತೂರೀನ್ನ ಒಬ್ಬೆ ತೋರಿಸ್ಕೊಂಡು ಬರ್ತೀನಿ" ಎಂದು ಕಟ್ಟಿದ ಮೂಗಿನಲ್ಲೇ ಸುಳ್ಳು ಹೇಳಿ, ಗಲ್ಲಿಗೆ ಹೋಗುವವನಂತೆ ಎಮ್ಮೆ ಹೊಡೆದುಕೊಂಡು ಹೊರಟ.

ಮಿಲ್ಲಿನ ಅಂಗಳದಲ್ಲಿ ಜನ ನೆರೆದಿತ್ತು. ಬೇವಿನ ಮರಕ್ಕೆ ಕಸ್ತೂರಿಯನ್ನು ಕಟ್ಟಿದರು. ಮೈಲಪ್ಪ ಆಗಲೇ ಅದರ ಬೆನ್ನು ಸವರಿ, ತನ್ನ ಮನೆಯಲ್ಲಿ ಎಲ್ಲಿ ಗೂಟ ಹೊಡೆಯಬೇಕೆಂದು ಹಮಾಲನಿಗೆ ಹೇಳುತ್ತಿದ್ದ. ಸಾಹೇಬ ಹೊಸ ಬಾಟಲಿಗಳಿಗೆ ಪೇಪರು ಸುತ್ತಿಸಿದ. ಏಕಾಂತಪ್ಪನ ಕಣ್ಣಿಗೆ ಅವನದೇ ಟವೆಲ್ ಕಟ್ಟಿದರು.

ಮೊದಲ ಲೋಟ ಮೂಗಿನ ಕೆಳಗೆ ಬಂತು. ಉಸಿರೆಳೆದ. ಬರೀ ಕತ್ತಲೆ! ಇನ್ನೊಮ್ಮೆ ಎಳೆದ. ಹೊಳ್ಳೆಯಲ್ಲಿ ಸೀಟಿ ಊದಿದ ಸದ್ದಷ್ಟೇ.

"ಏನಲೇ ಏಕಾಂತಿ, ಮೂಗು ಸಂತಿಗೆ ಹೋಗೈತೇನು?" ಎಂದ ಮೈಲಪ್ಪ.

ಏಕಾಂತಪ್ಪ ಮೂರನೇ ಸಲ ಉಸಿರೆಳೆದ. ಟವೆಲಿನ ಕತ್ತಲೆಯಲ್ಲಿ, ಹೊಳಲಿನ ಬಸ್ಸು ಹತ್ತುತ್ತಿರುವ ಜಂಬಕ್ಕನ ಬೆನ್ನು ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಗಾಳಿ ಬೇವಿನ ಮರದ ಕಡೆ ಬೀಸಿತು. ಅಲ್ಲಿಂದ ಉದ್ದಕ್ಕೆ, ಎದೆಯಾಳದಿಂದ ಎದ್ದು ಬಂತು ಒಂದು ಒದರಾಟ!

ಏಕಾಂತಪ್ಪ ನೆಟ್ಟಗಾದ. ಎದೆ ಉಬ್ಬಿಸಿದ. "ಕುಳ್ಳಿನ ಹೊಗಿ! ಟಿಂಚರು! ಲಫ್ರಾಯ್ಗ್!"

ಸಾಹೇಬ ಪೇಪರು ಬಿಚ್ಚಿದ. ಲಫ್ರಾಯ್ಗ್! ಚಪ್ಪಾಳೆ!

ಎರಡನೆಯ ಲೋಟ. ಏಕಾಂತಪ್ಪ ಮೂಸುವ ನಾಟಕ ಮಾಡುತ್ತ ಕಿವಿಯನ್ನು ಬೇವಿನ ಮರಕ್ಕೆ ಕೊಟ್ಟ. ಢಣ ಢಣ ಢಣ! "ಉತ್ತತ್ತಿ, ಒಣದ್ರಾಕ್ಷಿ, ಬ್ಯಾಕಲನ್!" ಬ್ಯಾಕಲನ್ ಅಲ್ಲದಿದ್ದರೂ ಮ್ಯಾಕಲನ್ ಹೌದು! ಮೂರನೆಯದಕ್ಕೆ "ಪುರ್ರ್, ಪುರ್ರ್" ಎಂದದ್ದೇ ತಡ, ಲೋಟ ಇನ್ನೂ ಮೂಗಿನ ಹತ್ತಿರ ಬರುವ ಮೊದಲೇ ಏಕಾಂತಪ್ಪ "ಗ್ಲೆನ್‌ಲಿವೆಟ್!" ಎಂದು ಗರ್ಜಿಸಿದ.

ಹಮಾಲರು ಅವನನ್ನು ಎತ್ತಿಕೊಂಡರು. ಯಂತ್ರದ ಪೂಜೆಗೆಂದು ತಂದಿದ್ದ ಚೆಂಡುಹೂವಿನ ಹಾರ ಅವನ ಕೊರಳಿಗೆ ಬಿತ್ತು. ಮೈಲಪ್ಪ ರಾಜದೂತ್ ಕೀಲಿಯನ್ನು, ಕರುಳು ಕಿತ್ತುಕೊಡುವವನಂತೆ ಜೇಬಿನಿಂದ ತೆಗೆದ. ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಜಂಬಕ್ಕ ಕಾಣಿಸಿಕೊಂಡಳು. ಎಮ್ಮೆಯ ಸಂಕಟವನ್ನು ಡಾಕ್ಟರಿಗೆ ತಾನೇ ಹೇಳಬೇಕೆಂದು ಬಂದಿದ್ದಳು.

"ಡಾಕ್ಟರು ಎಲ್ಲಿ? ಇವರಿಗ್ಯಾಕ ಹಾರ ಹಾಕೀರಿ?"

"ಏನ್ ಹೇಳಲಿ ಜಂಬಕ್ಕ, ನಿಮ್ಮ ಗಂಡ ನನ್ನ ಗಾಡೀನೂ ಗೆದ್ದ, ಎಮ್ಮೀನೂ ಗೆದ್ದ!" ಎಂದ ಮೈಲಪ್ಪ.

"ನನ್ನ ಎಮ್ಮಿ ನನ್ನ ಮನ್ಯಾಗ ಇತ್ತಲ್ಲ, ಅದನ್ನ ಗೆಲ್ಲೋದೇನು?"

ಪಣದ ಕಥೆ ಹೊರಬಿತ್ತು. ಜಂಬಕ್ಕ ಗಂಡನನ್ನು ನೋಡಿದಳು. ಏಕಾಂತಪ್ಪ ಇನ್ನೂ ಬಿಚ್ಚದ ಟವೆಲಿಗೆ ಮನಸ್ಸಿನಲ್ಲೇ ನೂರು ನಮಸ್ಕಾರ ಹೇಳಿದ.

"ಜಮಾಲಣ್ಣ," ಎಂದಳು ಜಂಬಕ್ಕ ತಣ್ಣಗೆ, "ಈ ಮನುಷ್ಯಾಗ ಮುಂಜಾನಿಂದ ಸೀಮೆಎಣ್ಣಿ ವಾಸನಿ ಗೊತ್ತಾಗಿಲ್ಲ. ಇದು ಹೆಂಗ ಗೊತ್ತಾತು? ನನ್ನ ಎದುರಿಗೆ ಇನ್ನೊಂದು ಮೂಸಸ್ರಿ. ಎಮ್ಮಿ ಒಂದಿಷ್ಟು ಗೇಟಿನ ಆಚಿ ಇರಲಿ. ಅದು ಒದರಿದಾಗೊಮ್ಮೆ ಇವರು ಬಾಯಿ ಬಿಟ್ಟಿದ್ದು ನಾನು ರಸ್ತಾದಾಗ ಕೇಳಿದೆ."

"ಹೌದಲಾ!" ಎಂದು ಮೈಲಪ್ಪ ಕೀಲಿಯನ್ನು ಮಿಂಚಿನಂತೆ ಜೇಬಿಗೆ ಹಾಕಿದ.

ಕಸ್ತೂರಿಯನ್ನು ಆಚೆ ಹೊಡೆದರು. ಹೋಗುವಾಗ ಅದು ಬೇವಿನ ಮರದ ಬುಡದಲ್ಲಿ ತನ್ನ ಕಾಣಿಕೆ ಬಿಟ್ಟುಹೋಗಿತ್ತು. ಜಂಬಕ್ಕ ಮುತ್ತುಗದ ಎಲೆಯೊಂದರಲ್ಲಿ ಅದರಿಂದ ಒಂದಿಷ್ಟು ಎತ್ತಿಕೊಂಡು, ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿ, ಗಂಡನ ಮೂಗಿನ ಕೆಳಗೆ ಹಿಡಿದಳು.

"ಹೇಳ್ರಿ. ಇದು ಯಾವುದು?"

ಏಕಾಂತಪ್ಪ ಕಾದ. ಒದರಾಟವಿಲ್ಲ. ಗಂಟೆಯಿಲ್ಲ. ಪುರ್ರ್ ಇಲ್ಲ. ಆದರೆ ಗೆದ್ದ ಮೂಗಿಗೆ ಸೋಲು ಗೊತ್ತೇ? ದೀರ್ಘವಾಗಿ ಉಸಿರೆಳೆದ. ಮುಖಕ್ಕೆ ತುಸು ಬೆಚ್ಚಗೆ ತಾಗಿತು. ದೊಡ್ಡ ಮಾಲೇ ಇರಬೇಕು! ತಲೆದೂಗಿದ.

"ಆಹಾಹಾ! ಗ್ಲೆನ್‌ಲಿವೆಟ್! ಬಲ್ಲಿಗಿ... ಸೀತಾಫಲ... ಪೀಪಾಯಿದಾಗ ಹದಿನೆಂಟು ವರ್ಷ ಇಟ್ಟಿದ್ದು!"

"ಹದಿನೆಂಟು ವರ್ಷ ಎಲ್ಲೀದು," ಎಂದಳು ಜಂಬಕ್ಕ, "ಈಗಷ್ಟ ಹಾಕ್ಯಾಳ!"

ಟವೆಲು ಬಿಚ್ಚಿದರು. ಏಕಾಂತಪ್ಪ ಎಲೆ ನೋಡಿದ. ಎಲೆ ಅವನನ್ನು ನೋಡಿತು. ಮಿಲ್ಲಿನ ತಗಡು ಹಾರಿಹೋಗುವ ಹಾಗೆ ಜನ ನಕ್ಕರು. ಡಂಕನ್ ಸಾಹೇಬ ಬೇವಿನ ಮರ ತಬ್ಬಿಕೊಂಡು ನಕ್ಕು ನಕ್ಕು ಗಡ್ಡವೆಲ್ಲ ಒದ್ದೆ ಮಾಡಿಕೊಂಡ.

"ಸೋತ! ಎಮ್ಮಿ ನಂದು!" ಎಂದು ಮೈಲಪ್ಪ ಹಗ್ಗಕ್ಕೆ ಕೈ ಹಾಕಿದ.

"ಕೈ ತಗೀರಿ!" ಜಂಬಕ್ಕ ನಡುವೆ ನಿಂತಳು. "ಪರೀಕ್ಷಿದಾಗ ಮೂರೂ ಖರೇ ಹೇಳಿದಾಕಿ ಯಾರು? ಕಸ್ತೂರಿ. ಗೆದ್ದಾಕಿ ಯಾರು? ಕಸ್ತೂರಿ. ಗೆದ್ದಾಕೀನ್ನ ಸೋತಾಂವ ಹೆಂಗ ಹೊಡಕೊಂಡು ಹೋಗ್ತಾನ?"

ಸಾಹೇಬ ಉಸಿರು ಹಿಡಿದುಕೊಂಡು ಜಮಾಲ್ ಸಾಬನಿಗೆ ಏನೋ ಹೇಳಿದ. ಜಮಾಲ್ ಸಾಬ್ ಗಂಟಲು ಸರಿಮಾಡಿಕೊಂಡ.

"ಸಾಹೇಬ ಹೇಳ್ತಾನ, ಜಂಬಕ್ಕಾರ ಮಾತು ಖರೇ ಐತಂತ. ತನ್ನ ದೇಶದಾಗೂ ಇಂಥಾ ಮೂಗು ನೋಡಿಲ್ಲಂತ. ಸಾವ್ಕಾರ್ರೆ, ನಿಮ್ಮದಲ್ಲರಿ. ಎಮ್ಮೀದು. ಗಾಡಿ ಕೀಲಿ ಎಮ್ಮಿಗೆ ಕೊಡಬೇಕಂತ."

ಹೀಗೆ ಕಸ್ತೂರಿ ತನ್ನನ್ನು ತಾನೇ ಗೆದ್ದುಕೊಂಡಿತು. ಚೆಂಡುಹೂವಿನ ಹಾರ ಅದರ ಕೊರಳಿಗೆ ಹೋಯಿತು. ಮನೆಯ ಕಡೆ ಸಾಗಿದ ಮೆರವಣಿಗೆಯಲ್ಲಿ ಮುಂದೆ ಎಮ್ಮೆ, ಅದರ ಹಿಂದೆ ಸೆರಗಿಗೆ ಕೀಲಿ ಕಟ್ಟಿಕೊಂಡ ಜಂಬಕ್ಕ, ಕೊನೆಯಲ್ಲಿ ಹೊಡೆಯಲು ಬಾರದ ರಾಜದೂತ್ ಗಾಡಿಯನ್ನು ದಬ್ಬುತ್ತ ಏದುಸಿರು ಬಿಡುವ ಏಕಾಂತಪ್ಪ.

"ಅಲ್ರಿ, ನೀವು ಮುಕ್ಕಳಿಸಿ ಉಗುಳಿದ್ದನ್ನ ನನ್ನ ಎಮ್ಮಿಗೆ ಕುಡಿಸೀರೇನು?" ಎಂದಳು ಜಂಬಕ್ಕ ಹಿಂತಿರುಗದೆ.

"ಏನರ ಅನ್ನು, ಆಣಿ ಬುರದಿಲ್ಲ ನಾನು. ಹನಿ ಗಂಟಲದಾಗ ಇಳಿದಿಲ್ಲ."

"ಅದ ನೋಡ್ರಿ ನನ್ನ ಸಂಕಟ! ಕುಡದಾಕಿ ಕಸ್ತೂರಿ. ಅಮಲು ಏರಿದ್ದು ನಿಮಗ!"

ಬೆಲ್ಲ, ಹಿಂಡಿ ತಿನ್ನಿಸಿ ಜಂಬಕ್ಕ ಎಮ್ಮೆಯನ್ನು ದಾರಿಗೆ ತಂದಳು. ಏಕಾಂತಪ್ಪನ ಮೂಗೂ ನಿಧಾನವಾಗಿ ತೆರೆಯಿತು. ಮುಂದಿನ ಸಂತೆಯ ದಿನ ಅವನು ಹಳೆಯ ಗತ್ತಿನಲ್ಲೇ ಅಂಗಡಿಯಲ್ಲಿ ಕೂತಿದ್ದಾಗ, ಕೂಡ್ಲಿಗಿ ಕಡೆಯ ಮುದಿ ರೈತನೊಬ್ಬ ಹಿಡಿ ಶೇಂಗಾ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಏಕಾಂತಪ್ಪ ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಒಗೆದು, ಮೂಗನ್ನು ಮುಂದೆ ಚಾಚಿದ.

ರೈತ ಗಾಬರಿಯಿಂದ ಮುಷ್ಟಿಯನ್ನು ಹಿಂದಕ್ಕೆ ಎಳೆದುಕೊಂಡ.

"ನಿಮಗಲ್ಲರಿ ಸಾವ್ಕಾರ್ರೆ. ಎಮ್ಮಿ ಎಲ್ಲೈತಿ?"